ಒಂದು ‘ಇಲ್ಲ’, ಎರಡು ಅರ್ಥ

(ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಒಂದು ಕೆರೆ ಹಳೆಯದೋ ಹೊಸದೋ ಎಂಬುದನ್ನು ಯಾರು ಹೇಳಬೇಕು? ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡಿರುವ ಚಿಕ್ಕರಸಿನಕೆರೆಯಂಥ ಊರಿನಲ್ಲಿ ಈ ಪ್ರಶ್ನೆ ಎತ್ತಿದರೆ ಹಿರಿಯರು ನಕ್ಕಾರು. ಏರಿ, ತೂಬು, ಕೋಡಿಗಳನ್ನು ಒಮ್ಮೆ ನೋಡಿ, ಅಜ್ಜ ಹೇಳಿದ ಮಾತು ನೆನೆದು ಅವರು ಉತ್ತರ ಕೊಟ್ಟುಬಿಡುತ್ತಾರೆ. ಆದರೆ 1892ರ ಫೆಬ್ರುವರಿ 18ರಂದು, ಮೈಸೂರು ಸಂಸ್ಥಾನದ ಅನೇಕ ನದಿ, ಹಳ್ಳಗಳ ಮಟ್ಟಿಗೆ, ಈ ಉತ್ತರ ಹೇಳುವ ಅಧಿಕಾರ ಒಂದು ಇಂಗ್ಲಿಷ್ ವಾಕ್ಯದ ಕೈಗೆ ಹೋಯಿತು.

ಅಂದು ಮೈಸೂರು ಮತ್ತು ಮದರಾಸು ಸರ್ಕಾರಗಳು ಒಪ್ಪಿಕೊಂಡ ನೀರಾವರಿ ನಿಯಮಗಳಲ್ಲಿ ‘ಹೊಸ ಕೆರೆ’ ಎಂದರೆ ಯಾವುದು ಎಂಬ ವಿವರಣೆ ಇತ್ತು. ಅದರ ತಾತ್ಪರ್ಯ ಇಷ್ಟು: ಹಿಂದೆ ಇಲ್ಲದಿದ್ದ ಕೆರೆ ಹೊಸದು, ಅಥವಾ ಒಮ್ಮೆ ಇದ್ದು, ಬಳಿಕ ಕೈಬಿಟ್ಟುಹೋಗಿ, 30 ವರ್ಷಕ್ಕಿಂತ ಹೆಚ್ಚು ಕಾಲ ಬಳಕೆ ತಪ್ಪಿದ ಕೆರೆಯೂ ಹೊಸದೇ. ಅಂಥ ಕೆರೆಯನ್ನು ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಬೇಕು.

ಈ ವಿವರಣೆಯ ಇಂಗ್ಲಿಷ್ ಮೂಲದಲ್ಲಿ ಮೊದಲು ಒಂದು ‘ನಾಟ್’ ಬರುತ್ತದೆ, ಅದರ ಹಿಂದೆಯೇ ಒಂದು ‘ಆರ್’ ಬರುತ್ತದೆ. ಅಂದರೆ ಒಂದು ‘ಇಲ್ಲ’, ಒಂದು ‘ಅಥವಾ’. ಆ ‘ಇಲ್ಲ’ ಎಲ್ಲಿಯವರೆಗೆ ಹರಿಯಬೇಕು? ‘ಅಥವಾ’ ದಾಟಿ ಆಚೆಗೂ ಹರಿದರೆ ಪಾಳುಬೀಳದ ಕೆರೆಯೇ ಹೊಸ ಕೆರೆಯಾಗಿಬಿಡುತ್ತದೆ, ಅರ್ಥ ತಲೆಕೆಳಗಾಗುತ್ತದೆ. ಹಾಗಾಗದಂತೆ ಬರೆದವರು ‘ಒಮ್ಮೆ ಇದ್ದು’ ಎಂಬ ಮಾತನ್ನು ನಡುವೆ ಸೇರಿಸಿದರು. ಗದ್ದೆಯ ನೀರು ಪಕ್ಕದ ಗದ್ದೆಗೆ ನುಗ್ಗದಂತೆ ಬದು ಹಾಕುವ ಹಾಗೆ, ಆ ಮಾತು ‘ಇಲ್ಲ’ಕ್ಕೆ ಹಾಕಿದ ಬದು.

ಎಲ್ಲ ವಾಕ್ಯಗಳಿಗೂ ಇಂಥ ಬದು ಇರುವುದಿಲ್ಲ. ಬದು ಇಲ್ಲದ ಕಡೆ ‘ಇಲ್ಲ’ ಮತ್ತು ‘ಅಥವಾ’, ‘ಬಾರದು’ ಮತ್ತು ‘ಹಾಗೂ’ ಕೂಡಿದಾಗ ಒಂದೇ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ. ಇದು ಶಾಲೆಯ ವ್ಯಾಕರಣ ಪಾಠದಲ್ಲಿ ಮುಗಿದುಹೋಗುವ ವಿಷಯವಲ್ಲ. ನೀರಿನ ಒಪ್ಪಂದ, ಸಂವಿಧಾನದ ಹಕ್ಕು, ಕಚೇರಿಯ ಅರ್ಜಿ, ಔಷಧಿಯ ಚೀಟಿ ಇವುಗಳಲ್ಲೆಲ್ಲ ಇದು ಅಡಗಿ ಕುಳಿತಿದೆ.

ಇಂಗ್ಲಿಷಿನ ತೊಡಕು

ಮೊದಲು ಇಂಗ್ಲಿಷನ್ನು ನೋಡೋಣ. ‘ಐ ಡೋಂಟ್ ಡ್ರಿಂಕ್ ಟೀ ಆರ್ ಕಾಫಿ’ ಎಂದು ಇಂಗ್ಲಿಷರು ಹೇಳಿದರೆ ಅವರು ಟೀಯನ್ನೂ ಕುಡಿಯುವುದಿಲ್ಲ, ಕಾಫಿಯನ್ನೂ ಕುಡಿಯುವುದಿಲ್ಲ. ಇಲ್ಲಿ ‘ಆರ್’ ಇದ್ದರೂ ಆಯ್ಕೆ ಇಲ್ಲ, ಎರಡೂ ಹೋಯಿತು. ಅದೇ ಜಾಗದಲ್ಲಿ ‘ಆ್ಯಂಡ್’ ಹಾಕಿದರೆ ಅನುಮಾನ ಶುರುವಾಗುತ್ತದೆ. ಎರಡನ್ನೂ ಬಿಟ್ಟವರೇ, ಅಥವಾ ಒಂದನ್ನು ಕುಡಿದರೆ ಇನ್ನೊಂದನ್ನು ಕುಡಿಯದವರೇ? ದನಿಯ ಏರಿಳಿತ ಕೇಳಿದವರಿಗೆ ತಿಳಿದೀತು. ಕಾಗದದ ಮೇಲೆ ಓದಿದವರಿಗೆ ತಿಳಿಯದು.

ಇನ್ನೂ ಒಂದು ವಿಚಿತ್ರವಿದೆ. ಅದೇ ‘ಆರ್’ ವಾಕ್ಯದ ಆರಂಭಕ್ಕೆ, ‘ನಾಟ್’ಗಿಂತ ಮುಂದಕ್ಕೆ ಬಂದರೆ ಅರ್ಥ ಬದಲಾಗುತ್ತದೆ. ‘ಟೀ ಆರ್ ಕಾಫಿ ವಾಸ್ ನಾಟ್ ಸರ್ವ್ಡ್’ ಎಂದರೆ ಎರಡರಲ್ಲಿ ಯಾವುದೋ ಒಂದನ್ನು ಕೊಡಲಿಲ್ಲ ಎಂಬ ಅರ್ಥವೇ ಮುಂದಾಗುತ್ತದೆ. ಅಂದರೆ ‘ನಾಟ್’ ತನ್ನ ಮುಂದಿರುವುದನ್ನು ಸುಲಭವಾಗಿ ಆವರಿಸುತ್ತದೆ, ಹಿಂದೆ ಬಿಟ್ಟುಬಂದದ್ದನ್ನು ಅಷ್ಟು ಸುಲಭವಾಗಿ ಆವರಿಸುವುದಿಲ್ಲ. ಈ ತೊಂದರೆಯಿಂದ ಪಾರಾಗಲು ಇಂಗ್ಲಿಷಿನಲ್ಲಿ ‘ನೈದರ್’ ಮತ್ತು ‘ನಾರ್’ ಎಂಬ ಜೋಡಿ ಇದೆ. ಎರಡೂ ಇಲ್ಲ ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ಆದರೆ ಬರೆಯುವವರೆಲ್ಲ ಅದನ್ನು ಬಳಸುವುದಿಲ್ಲ.

‘ಏಕೆಂದರೆ’ ಎಂಬ ಅರ್ಥದ ‘ಬಿಕಾಸ್’ ಬಂದಾಗಲೂ ಇದೇ ಪಾಡು. ‘ಹಿ ಡಿಡ್ ನಾಟ್ ಗೋ ಬಿಕಾಸ್ ಇಟ್ ರೇನ್ಡ್’ ಎಂಬ ವಾಕ್ಯದಲ್ಲಿ ಆತ ಹೋದನೋ ಇಲ್ಲವೋ? ಮಳೆ ಬಂತು, ಆದ್ದರಿಂದ ಹೋಗಲಿಲ್ಲ ಎಂದೂ ಆಗಬಹುದು. ಹೋದ, ಆದರೆ ಮಳೆ ಬಂದ ಕಾರಣಕ್ಕಲ್ಲ ಎಂದೂ ಆಗಬಹುದು. ಒಂದರಲ್ಲಿ ಆತ ಮನೆಯಲ್ಲಿದ್ದಾನೆ, ಇನ್ನೊಂದರಲ್ಲಿ ಊರು ಬಿಟ್ಟಿದ್ದಾನೆ.

ಕನ್ನಡದಲ್ಲಿ ಈ ಎರಡನೆಯ ತೊಡಕು ಬಹುಮಟ್ಟಿಗೆ ಇಲ್ಲ. ಕನ್ನಡಕ್ಕೆ ‘ಇಲ್ಲ’ ಮತ್ತು ‘ಅಲ್ಲ’ ಎಂಬ ಎರಡು ಬೇರೆ ಪದಗಳಿವೆ. ‘ಮಳೆ ಬಂತೆಂದು ಅವನು ಮದ್ದೂರಿಗೆ ಹೋಗಲಿಲ್ಲ’ ಎಂದರೆ ಹೋಗಲಿಲ್ಲ, ಅಷ್ಟೆ. ‘ಮಳೆ ಬಂತೆಂದಲ್ಲ ಅವನು ಮದ್ದೂರಿಗೆ ಹೋದದ್ದು’ ಎಂದರೆ ಹೋದ, ಕಾರಣ ಮಾತ್ರ ಬೇರೆ. ನಿರಾಕರಿಸಬೇಕಾದದ್ದರ ಪಕ್ಕದಲ್ಲೇ ‘ಅಲ್ಲ’ವನ್ನು ತಂದು ನಿಲ್ಲಿಸುವ ಸ್ವಾತಂತ್ರ್ಯ ಕನ್ನಡಕ್ಕಿದೆ. ಹಳ್ಳಿಯ ಅನಕ್ಷರಸ್ಥ ಅಜ್ಜಿಯೂ ಇದನ್ನು ತಪ್ಪಿಲ್ಲದೆ ಬಳಸುತ್ತಾಳೆ.

ಅಣ್ಣನೂ ತಮ್ಮನೂ, ಅಣ್ಣನೋ ತಮ್ಮನೋ

ಹಾಗಾದರೆ ‘ಮತ್ತು’, ‘ಅಥವಾ’ಗಳ ವಿಷಯದಲ್ಲಿ ಕನ್ನಡದ ಸ್ಥಿತಿ ಏನು? ನಾಲ್ಕು ವಾಕ್ಯಗಳನ್ನು ಸಾಲಾಗಿ ಇಟ್ಟು ನೋಡಬಹುದು.

ಅಣ್ಣನೂ ತಮ್ಮನೂ ಬರಲಿಲ್ಲ.
ಅಣ್ಣನಾಗಲಿ ತಮ್ಮನಾಗಲಿ ಬರಲಿಲ್ಲ.
ಅಣ್ಣನೋ ತಮ್ಮನೋ ಬರಲಿಲ್ಲ.
ಅಣ್ಣ ಅಥವಾ ತಮ್ಮ ಬರಲಿಲ್ಲ.

ಮೊದಲ ಎರಡರಲ್ಲಿ ಅನುಮಾನವಿಲ್ಲ. ಮನೆಗೆ ಇಬ್ಬರೂ ಬರಲಿಲ್ಲ. ಮೂರನೆಯದರಲ್ಲಿ ಒಬ್ಬ ಬರಲಿಲ್ಲ, ಯಾರೆಂದು ಹೇಳುವವನಿಗೆ ನೆನಪಿಲ್ಲ. ನಾಲ್ಕನೆಯದು ಮೂರನೆಯದರ ಕಡೆಗೆ ವಾಲುತ್ತದೆ. ಆದರೆ ಇಂಗ್ಲಿಷ್ ಓದಿದವರ ಕಿವಿಗೆ ಅದೇ ವಾಕ್ಯ ‘ಇಬ್ಬರೂ ಬರಲಿಲ್ಲ’ ಎಂದು ಕೇಳಿಸುವುದೂ ಉಂಟು. ತಕರಾರು ಹುಟ್ಟುವುದು ಇಲ್ಲೇ.

ಮೊದಲ ವಾಕ್ಯದ ‘ಊ’ ಬಹಳ ಹಳೆಯದು. ಹಳಗನ್ನಡದಲ್ಲಿ ಅದು ‘ಉಂ’ ಎಂದಿತ್ತು. ‘ಅರಸನುಂ ಪ್ರಜೆಯುಂ’ ಎಂಬಂಥ ಬಳಕೆ ಹಳೆಯ ಗದ್ಯದಲ್ಲಿ ಸಾಮಾನ್ಯ. ಪ್ರತಿಯೊಂದು ಹೆಸರಿಗೂ ತನ್ನದೇ ಆದ ‘ಊ’ ಅಂಟಿರುವುದರಿಂದ ಕೊನೆಯಲ್ಲಿ ಬರುವ ‘ಇಲ್ಲ’ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ತಗಲುತ್ತದೆ. ‘ಮತ್ತು’ ಹಾಗಲ್ಲ, ಎರಡು ಹೆಸರುಗಳ ನಡುವೆ ಒಂದೇ ಒಂದು ಸಲ ಬರುತ್ತದೆ, ಇಬ್ಬರನ್ನೂ ಒಂದು ಗಂಟಾಗಿ ಕಟ್ಟುತ್ತದೆ. ಆ ಗಂಟಿನ ಮೇಲೆ ‘ಇಲ್ಲ’ ಬಿದ್ದಾಗ ಇಡೀ ಗಂಟು ಇಲ್ಲವೋ, ಗಂಟಿನೊಳಗಿನ ಒಂದೊಂದೂ ಇಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಮಂಡ್ಯ ಸೀಮೆಯ ಆಡುಮಾತಿನಲ್ಲಿ ಹೆಸರುಗಳ ನಡುವೆ ‘ಮತ್ತು’ ಬರುವುದು ಅಪರೂಪ. ‘ಮುದ್ದೆ, ಸಾರು ಎರಡೂ ಇಲ್ಲ’ ಎನ್ನುತ್ತಾರೆಯೇ ಹೊರತು ‘ಮುದ್ದೆ ಮತ್ತು ಸಾರು ಇಲ್ಲ’ ಎನ್ನುವುದಿಲ್ಲ.

‘ಅಥವಾ’ ಸಂಸ್ಕೃತದಿಂದ ಬಂದ ಪದ. ಅದು ‘ಬಾರದು’ ಜೊತೆ ಬಂದಾಗ ಒಂದು ಅರ್ಥ, ‘ಲಿಲ್ಲ’ ಜೊತೆ ಬಂದಾಗ ಇನ್ನೊಂದು ಅರ್ಥ ಕೊಡುವುದುಂಟು. ‘ಬಸ್ಸಿನಲ್ಲಿ ಬೀಡಿ ಅಥವಾ ಸಿಗರೇಟು ಸೇದಬಾರದು’ ಎಂಬ ಫಲಕ ನೋಡಿ ‘ಹಾಗಾದರೆ ಬೀಡಿ ಬಿಟ್ಟು ಸಿಗರೇಟು ಸೇದೋಣ’ ಎಂದು ಯಾರೂ ತಿಳಿಯುವುದಿಲ್ಲ. ಎರಡೂ ನಿಷಿದ್ಧ ಎಂಬುದು ಸಂದರ್ಭದಿಂದಲೇ ಗೊತ್ತಾಗುತ್ತದೆ. ಆದರೆ ‘ಅವನು ಬೀಡಿ ಅಥವಾ ಸಿಗರೇಟು ತರಲಿಲ್ಲ’ ಎಂದಾಗ ಯಾವುದನ್ನು ತಂದ, ಯಾವುದನ್ನು ಬಿಟ್ಟ ಎಂದು ಕೇಳಬೇಕಾಗುತ್ತದೆ.

ಇದು ಕನ್ನಡವೊಂದರ ಗುಣವಲ್ಲ. ಜಪಾನಿ, ಹಂಗೇರಿಯನ್, ರಷ್ಯನ್ ಭಾಷೆಗಳಲ್ಲೂ ‘ಅಥವಾ’ ಎಂಬ ಪದ ‘ಇಲ್ಲ’ದ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ ಎಂದು ಭಾಷಾ ವಿಜ್ಞಾನಿಗಳು ತೋರಿಸಿದ್ದಾರೆ. ಆ ಭಾಷೆಗಳಲ್ಲಿ ಟೀ ಅಥವಾ ಕಾಫಿ ಕುಡಿಯಲಿಲ್ಲ ಎಂದರೆ ಎರಡರಲ್ಲಿ ಒಂದನ್ನು ಕುಡಿಯಲಿಲ್ಲ ಎಂಬ ಅರ್ಥವೇ ಸಹಜ. ಆದ್ದರಿಂದ ಇಂಗ್ಲಿಷಿನ ‘ನಾಟ್’ ಮತ್ತು ‘ಆರ್’ ಕೂಡಿದ ವಾಕ್ಯವನ್ನು ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಪದಗಳು ಸರಿಯಾಗಿದ್ದೂ ಅರ್ಥ ತಪ್ಪಬಹುದು.

ಮಕ್ಕಳು ಕೊಟ್ಟ ಉತ್ತರ

ಕನ್ನಡದ ‘ಇಲ್ಲ’ವನ್ನು ಕುರಿತು ಒಂದು ಸ್ವಾರಸ್ಯಕರ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಎಂಬ ವಿದ್ವಾಂಸರು ಕನ್ನಡ ಮತ್ತು ಇಂಗ್ಲಿಷ್ ಮಾತನಾಡುವ ನಾಲ್ಕು ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಹೋಲಿಸಿ ನೋಡಿದರು. ‘ಎರಡು ಪುಸ್ತಕ ಓದಲಿಲ್ಲ’ ಎಂಬ ಬಗೆಯ ವಾಕ್ಯಗಳೇ ಅವರ ಸಾಮಗ್ರಿ. ಇದಕ್ಕೂ ಎರಡು ಅರ್ಥವಿದೆ. ಓದಿದ್ದು ಎರಡಲ್ಲ, ಬಹುಶಃ ಒಂದೇ ಎಂಬುದು ಒಂದು. ಓದದೆ ಉಳಿದ ಪುಸ್ತಕ ಎರಡಿವೆ ಎಂಬುದು ಇನ್ನೊಂದು.

ದೊಡ್ಡವರು ಎರಡು ಅರ್ಥವನ್ನೂ ಒಪ್ಪಿದರು. ಮಕ್ಕಳು ಮಾತ್ರ, ಎರಡೂ ಭಾಷೆಗಳಲ್ಲಿ, ಮೊದಲ ಅರ್ಥದ ಕಡೆಗೇ ಒಲಿದರು. ಇದರಲ್ಲಿ ವಿಶೇಷವೇನು? ಇಂಗ್ಲಿಷಿನಲ್ಲಿ ‘ನಾಟ್’ ಮೊದಲು ಬಂದು ‘ಎರಡು’ ಆಮೇಲೆ ಬರುತ್ತದೆ. ಕನ್ನಡದಲ್ಲಿ ‘ಎರಡು’ ಮೊದಲು, ‘ಇಲ್ಲ’ ಕೊನೆಗೆ. ಪದಗಳು ಕಿವಿಗೆ ಬೀಳುವ ಕ್ರಮವೇ ಮುಖ್ಯವಾಗಿದ್ದರೆ ಕನ್ನಡದ ಮಕ್ಕಳು ಬೇರೆ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ವಾಕ್ಯದ ಒಳಗಟ್ಟಿನಲ್ಲಿ ‘ಇಲ್ಲ’ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮಕ್ಕಳು ನಾಲ್ಕನೇ ವಯಸ್ಸಿಗೇ ಅರಿತಿರುತ್ತಾರೆ ಎಂದು ಆ ವಿದ್ವಾಂಸರು ತೀರ್ಮಾನಿಸಿದರು. ಭಾಷೆಗಳ ಬಗೆಗಿನ ಒಂದು ದೊಡ್ಡ ಚರ್ಚೆಗೆ ಕನ್ನಡದ ಪುಟ್ಟ ಮಕ್ಕಳು ಹೀಗೆ ಸಾಕ್ಷಿ ನುಡಿದರು.

‘ಎಲ್ಲ’ ಎಂಬ ಪದ ಬಂದಾಗಲೂ ಇದೇ ಕಥೆ. ‘ಎಲ್ಲರೂ ಬರಲಿಲ್ಲ’ ಎಂದರೆ ಯಾರೂ ಬರಲಿಲ್ಲವೇ, ಕೆಲವರು ಮಾತ್ರ ಬಂದರೇ? ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯನ್ನು ಅಕ್ಷರಶಃ ಹಿಡಿದರೆ ಹಾಲೂ ಹಾಲಲ್ಲ ಎಂದಾಗಿಬಿಡುತ್ತದೆ. ಆದರೆ ಗಾದೆ ಕೇಳಿದ ಯಾರೂ ಹಾಗೆ ತಿಳಿಯುವುದಿಲ್ಲ, ಏಕೆಂದರೆ ಹಾಲು ಏನೆಂದು ಎಲ್ಲರಿಗೂ ಗೊತ್ತು. ವಿಷಯ ಗೊತ್ತಿದ್ದಾಗ ವಾಕ್ಯದ ಸಡಿಲನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದ ವಿಷಯದಲ್ಲಿ, ಉದಾಹರಣೆಗೆ ಕಾನೂನಿನಲ್ಲಿ, ಹಾಗೆ ತುಂಬಿಕೊಳ್ಳಲು ಏನೂ ಇರುವುದಿಲ್ಲ.

ಹಲ್ಲು, ಕಡಲೆ ಮತ್ತು ತರ್ಕ

ಎರಡು ಗಾದೆಗಳನ್ನು ಪಕ್ಕಪಕ್ಕ ಇಟ್ಟರೆ ಇಡೀ ಸಮಸ್ಯೆ ತಿಳಿಯಾಗುತ್ತದೆ. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬುದು ಒಂದು. ಇಲ್ಲಿ ಎರಡಕ್ಕೂ ಬೇರೆಬೇರೆ ‘ಬಾರದು’ ಇದೆ, ಎರಡೂ ನಡೆಯಕೂಡದು. ‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬುದು ಇನ್ನೊಂದು. ಇಲ್ಲಿ ಒಂದು ಇದೆ, ಇನ್ನೊಂದಿಲ್ಲ. ಇಲ್ಲದಿರುವುದು ಎರಡರ ಕೂಟ. ಈ ಎರಡನೆಯ ಗಾದೆಯನ್ನು ‘ಹಲ್ಲು ಮತ್ತು ಕಡಲೆ ಇಲ್ಲ’ ಎಂದು ಚಿಕ್ಕದು ಮಾಡಿದರೆ ಗಾದೆಯ ಜೀವವೇ ಹೋಗುತ್ತದೆ. ಪಾಪ, ಆ ಮನುಷ್ಯನಿಗೆ ಇದ್ದ ಒಂದೂ ಇಲ್ಲವಾಗುತ್ತದೆ.

ಹಿಂದಿನವರು ಅಂತರವನ್ನು ಗಾದೆಯಲ್ಲಿ ಇಟ್ಟರು; ತಾರ್ಕಿಕರು ಅದಕ್ಕೆ ಸೂತ್ರ ಕೊಟ್ಟರು. ಮಿಥಿಲೆಯ ಗಂಗೇಶನಿಂದ ಬೆಳೆದ ನವ್ಯನ್ಯಾಯದಲ್ಲಿ ‘ಉಭಯಾಭಾವ’ ಎಂಬ ಪರಿಕಲ್ಪನೆ ಇದೆ. ನೆಲದ ಮೇಲೆ ಗಡಿಗೆ ಇದೆ, ಬಟ್ಟೆ ಇಲ್ಲ ಎನ್ನಿ. ಆಗ ‘ಗಡಿಗೆ ಬಟ್ಟೆಗಳ ಜೋಡಿ ಇಲ್ಲ’ ಎನ್ನುವುದು ಸತ್ಯವೇ. ಒಂದಿದ್ದರೂ ಎರಡಿಲ್ಲ ಎಂಬುದು ಅವರ ನಿಲುವು. ಗಡಿಗೆಯೂ ಇಲ್ಲ, ಬಟ್ಟೆಯೂ ಇಲ್ಲ ಎನ್ನುವುದು ಬೇರೆ ಮಾತು. ಅಮೆರಿಕದ ವಿದ್ವಾಂಸ ಡೇನಿಯಲ್ ಇಂಗಾಲ್ಸ್ 1951ರಲ್ಲಿ ಪ್ರಕಟಿಸಿದ ನವ್ಯನ್ಯಾಯದ ಅಧ್ಯಯನದಲ್ಲಿ, ಪಶ್ಚಿಮದಲ್ಲಿ ಡಿ ಮಾರ್ಗನ್ ನಿಯಮಗಳೆಂದು ಹೆಸರಾದವು ಈ ತಾರ್ಕಿಕರಿಗೆ ತಿಳಿದಿದ್ದವು ಎಂದು ತೋರಿಸಿದರು.

ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, 1806ರಲ್ಲಿ ಮಧುರೆಯಲ್ಲಿ. ಲಂಡನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾಗಿ, 1847ರಲ್ಲಿ ತರ್ಕಶಾಸ್ತ್ರದ ಗ್ರಂಥವೊಂದನ್ನು ಪ್ರಕಟಿಸಿ, 1871ರಲ್ಲಿ ತೀರಿಕೊಂಡ. ಅವನ ಹೆಸರಿನಲ್ಲಿ ಕಾಲೇಜು ಮಕ್ಕಳು ಕಲಿಯುವ ನಿಯಮಗಳು ಎರಡೇ. ‘ಇದು ಅಥವಾ ಅದು’ ಎಂಬುದನ್ನು ನಿರಾಕರಿಸಿದರೆ ಇದೂ ಇಲ್ಲ, ಅದೂ ಇಲ್ಲ. ‘ಇದು ಮತ್ತು ಅದು’ ಎಂಬುದನ್ನು ನಿರಾಕರಿಸಿದರೆ ಎರಡರಲ್ಲಿ ಒಂದಾದರೂ ಇಲ್ಲ. ಕಂಪ್ಯೂಟರುಗಳು ಇಂದಿಗೂ ಈ ನಿಯಮದಂತೆಯೇ ನಡೆಯುತ್ತವೆ. ಜನ ಮಾತ್ರ ಯಾವಾಗಲೂ ಹೀಗೆ ಮಾತನಾಡುವುದಿಲ್ಲ. ತರ್ಕದ ‘ಅಥವಾ’ಕ್ಕೂ ಬಾಯಿಮಾತಿನ ‘ಅಥವಾ’ಕ್ಕೂ ಇರುವ ಈ ಸಂದಿನಲ್ಲೇ ವ್ಯಾಜ್ಯಗಳು ಹುಟ್ಟುತ್ತವೆ.

1892ರ ಕಾಗದ

ಈಗ ಮತ್ತೆ ಕಾವೇರಿಯ ಕಡೆಗೆ. 1892ರ ನಿಯಮಗಳ ಎರಡನೆಯ ಕಲಮು ಮೈಸೂರಿನ ಕೈ ಕಟ್ಟಿದ ಕಲಮು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ, ಕಬಿನಿ ಸೇರಿದಂತೆ 15 ಮುಖ್ಯ ನದಿಗಳ ಹೆಸರು ಅದರ ಪಟ್ಟಿಯಲ್ಲಿದ್ದವು. ಮದರಾಸು ಸರ್ಕಾರದ ಪೂರ್ವಾನುಮತಿ ಇಲ್ಲದೆ, ಅಥವಾ ನಾಲ್ಕನೆಯ ಕಲಮಿನಂತೆ ತೀರ್ಪು ಬರುವ ಮುಂಚೆ, ಅವುಗಳ ಮೇಲೆ ಮೈಸೂರು ಹೊಸ ಜಲಾಶಯ ಕಟ್ಟತಕ್ಕದ್ದಲ್ಲ ಎಂಬುದು ಅದರ ಸಾರ.

ಡಿ ಮಾರ್ಗನ್ನನ ನಿಯಮವನ್ನು ಇಲ್ಲಿ ಯಂತ್ರದಂತೆ ಹಚ್ಚಿದರೆ ಏನಾಗುತ್ತದೆ? ಅನುಮತಿ ಇಲ್ಲದೆ ಕಟ್ಟಬಾರದು. ತೀರ್ಪಿಗೆ ಮುಂಚೆಯೂ ಕಟ್ಟಬಾರದು. ಅಂದರೆ ಅನುಮತಿಯೂ ಬೇಕು, ತೀರ್ಪೂ ಬೇಕು! ಆದರೆ ಉದ್ದೇಶ ಅದಲ್ಲ. ಎರಡೂ ಸರ್ಕಾರಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಮಾತ್ರ, ಪಂಚರಿಂದ ಅಥವಾ ಭಾರತ ಸರ್ಕಾರದಿಂದ ಅಂತಿಮ ತೀರ್ಪು ಪಡೆಯಬೇಕೆಂದು ನಾಲ್ಕನೆಯ ಕಲಮು ಹೇಳುತ್ತದೆ. ಅನುಮತಿ ಸಿಕ್ಕಿದ ಮೇಲೆ ತೀರ್ಪಿಗೆ ಜಾಗವೇ ಇಲ್ಲ. ಹೀಗೆ ಎರಡನೆಯ ಕಲಮಿನ ‘ಅಥವಾ’ ಹೇಗೆ ಓದಬೇಕೆಂಬುದನ್ನು ನಾಲ್ಕನೆಯ ಕಲಮು ಕಲಿಸುತ್ತದೆ. ಕನ್ನಡದಲ್ಲಿ ಇದನ್ನು ಮೂರು ಸಣ್ಣ ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಅನುಮತಿ ಸಿಕ್ಕರೆ ಕಟ್ಟಬಹುದು. ಸಿಗದೆ ಹೋದರೆ, ತೀರ್ಪು ಅನುಕೂಲವಾಗಿ ಬಂದ ಮೇಲೆ ಕಟ್ಟಬಹುದು. ಎರಡೂ ಇಲ್ಲದಾಗ ಕಟ್ಟಬಾರದು.

ಹಳೆಯ ಕೆರೆಗಳ ದುರಸ್ತಿಯನ್ನು ಕುರಿತ ಮಾತು ಇನ್ನೂ ನಾಜೂಕಿನದು. ಕೋಡಿಯ ಮಟ್ಟ ಏರಿಸುವಂಥ ಕೆಲಸ ಯಾವಾಗ ದುರಸ್ತಿ ಎನಿಸುತ್ತದೆ? ಕೆರೆಯಲ್ಲಿ ನಿಲ್ಲುವ ನೀರಿನ ಪ್ರಮಾಣ ಅಥವಾ ಅಚ್ಚುಕಟ್ಟಿನ ವಿಸ್ತೀರ್ಣ, ಇವೆರಡರಲ್ಲಿ ಯಾವುದಾದರೊಂದು ಹಿಂದಿಗಿಂತ ಹೆಚ್ಚಾಗದೆ ಇದ್ದರೆ ಸಾಕು ಎಂಬುದು ನಿಯಮ. ಇಂಗ್ಲಿಷ್ ಮೂಲದಲ್ಲಿ ‘ಐದರ್’ ಎಂಬ ಪದವನ್ನು ‘ನಾಟ್’ಗಿಂತ ಮುಂದೆ, ಅದರ ಹಿಡಿತದ ಹೊರಗೆ, ಉದ್ದೇಶಪೂರ್ವಕವಾಗಿ ಇಟ್ಟಂತಿದೆ. ಒಂದು ಕೆರೆಯ ಅಚ್ಚುಕಟ್ಟು 100 ಎಕರೆ ಎಂದು ಇಟ್ಟುಕೊಳ್ಳಿ. ಕೋಡಿ ಏರಿಸಿದ್ದರಿಂದ ನೀರು ಹೆಚ್ಚು ನಿಂತಿತು, ಆದರೆ ಬೇಸಾಯವಾದದ್ದು ಅದೇ 100 ಎಕರೆ. ‘ಯಾವುದಾದರೊಂದು’ ಎಂದು ಓದಿದರೆ ಇದು ದುರಸ್ತಿ, ಯಾರನ್ನೂ ಕೇಳಬೇಕಿಲ್ಲ. ಅದನ್ನೇ ಯಾರಾದರೂ ‘ನೀರಾಗಲಿ ಅಚ್ಚುಕಟ್ಟಾಗಲಿ ಹೆಚ್ಚಾಗಬಾರದು’ ಎಂದು ಅನುವಾದಿಸಿದರೆ ಅದೇ ಕೆಲಸ ಒಪ್ಪಂದದ ಉಲ್ಲಂಘನೆಯಾಗುತ್ತದೆ. ಒಂದು ಪದದ ಜಾಗ ಬದಲಾದರೆ ರೈತನ ನೀರು ತಪ್ಪುತ್ತದೆ.

ಮೂರನೆಯ ಕಲಮಿನಲ್ಲಿ ‘ಇಲ್ಲ’ಗಳ ಸಾಲೇ ಇದೆ. ಮದರಾಸು ಅನುಮತಿಯನ್ನು ನಿರಾಕರಿಸತಕ್ಕದ್ದಲ್ಲ. ಆದರೆ ಈಗಾಗಲೇ ಪಡೆದಿರುವ ಮತ್ತು ವಾಸ್ತವವಾಗಿ ಚಾಲ್ತಿಯಲ್ಲಿರುವ ಹಕ್ಕಿನ ರಕ್ಷಣೆಗಾಗಿ ನಿರಾಕರಿಸಬಹುದು. ಇಲ್ಲಿ ‘ಮತ್ತು’ ಮುಖ್ಯ. ಎಂದೋ ಪಡೆದ ಹಕ್ಕಾದರೆ ಸಾಲದು, ಅದು ಇಂದೂ ಬಳಕೆಯಲ್ಲಿರಬೇಕು. ಎರಡೂ ಕೂಡಿದಾಗಲೇ ಮದರಾಸಿಗೆ ‘ಇಲ್ಲ’ ಎನ್ನುವ ಅಧಿಕಾರ.

ಕನ್ನಂಬಾಡಿಯ ಅಣೆಕಟ್ಟೆಯ ಯೋಜನೆ ಎದ್ದಾಗ ಈ ಕಲಮುಗಳು ನಿಜವಾದ ಪರೀಕ್ಷೆಗೆ ಒಳಗಾದವು. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದರು, 1912ರಲ್ಲಿ ದಿವಾನರಾದರು. ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಮದರಾಸು ಆಕ್ಷೇಪಿಸಿತು. ವಿವಾದ ನಾಲ್ಕನೆಯ ಕಲಮಿನಂತೆ ಪಂಚಾಯ್ತಿಗೆ ಹೋಗಿ, ಸರ್ ಎಚ್.ಡಿ. ಗ್ರಿಫಿನ್ ಅವರು 1914ರ ಮೇ 12ರಂದು ತೀರ್ಪಿತ್ತರು. ಭಾರತ ಸರ್ಕಾರ 1916ರಲ್ಲಿ ಅದನ್ನು ಎತ್ತಿಹಿಡಿಯಿತು. ಮದರಾಸು ಅಷ್ಟಕ್ಕೆ ಸುಮ್ಮನಾಗದೆ ಲಂಡನ್ನಿನ ಭಾರತ ಮಂತ್ರಿಯ ಬಳಿಗೆ ಹೋಯಿತು. ಕೊನೆಗೆ 1924ರ ಫೆಬ್ರುವರಿ 18ರಂದು, ಮೊದಲ ಒಪ್ಪಂದಕ್ಕೆ ಸರಿಯಾಗಿ 32 ವರ್ಷ ತುಂಬಿದ ದಿನ, ಹೊಸ ಒಪ್ಪಂದವಾಯಿತು. ಇರ್ವಿನ್ ನಾಲೆ ಎಂದು ಶುರುವಾಗಿ ಈಗ ವಿಶ್ವೇಶ್ವರಯ್ಯ ನಾಲೆ ಎಂದು ಹೆಸರಾಗಿರುವ ಕಾಲುವೆಯ ನೀರು ಮಂಡ್ಯ ಸೀಮೆಗೆ ಹರಿದದ್ದು ಅದರ ನಂತರವೇ.

ಇಷ್ಟೆಲ್ಲ ಜಗಳ ನಡೆದದ್ದು ಒಂದು ‘ಅಥವಾ’ದಿಂದ ಎಂದಲ್ಲ. ನೀರಿನ ಕೊರತೆ, ಎರಡೂ ಕಡೆಯ ರೈತರ ಅಗತ್ಯ, ಅಂದಿನ ಸಾಮ್ರಾಜ್ಯದ ರಾಜಕಾರಣ ಇವೇ ಮೂಲ ಕಾರಣಗಳು. ಆದರೆ ಜಗಳ ನಡೆದದ್ದು ವಾಕ್ಯಗಳ ಅಂಗಳದಲ್ಲಿ. ಯಾವ ಹಕ್ಕು ‘ಚಾಲ್ತಿಯಲ್ಲಿದೆ’, ಯಾವುದು ‘ಹೊಸದು’, ಯಾವಾಗ ‘ನಿರಾಕರಿಸತಕ್ಕದ್ದಲ್ಲ’ ಎಂಬುದನ್ನು ಓದುವ ಶಕ್ತಿ ಇದ್ದವರೇ ಅಲ್ಲಿ ಮಾತನಾಡಿದರು. ಸುಪ್ರೀಂ ಕೋರ್ಟು 2018ರ ಫೆಬ್ರುವರಿ 16ರ ತೀರ್ಪಿನಲ್ಲಿ 1924ರ ಒಪ್ಪಂದದ ಅವಧಿ 1974ಕ್ಕೆ ಮುಗಿದಿದೆ ಎಂದು ಹೇಳಿ, ಕರ್ನಾಟಕದ ಪಾಲನ್ನು 284.75 ಟಿಎಂಸಿ ಅಡಿಗೆ ನಿಗದಿಪಡಿಸಿತು. ಅಲ್ಲಿಯವರೆಗೂ ಈ ಹಳೆಯ ವಾಕ್ಯಗಳ ವ್ಯಾಖ್ಯಾನ ವಕೀಲರ ಬಾಯಲ್ಲಿ ನಡೆದೇ ಇತ್ತು.

ಸಂವಿಧಾನದ ಎಚ್ಚರ

ಈ ಅಪಾಯವನ್ನು ಬಲ್ಲವರು ಭಾರತದ ಸಂವಿಧಾನ ಬರೆದರು. 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ ಮಾತ್ರವೇ ರಾಜ್ಯವು ತಾರತಮ್ಯ ಮಾಡುವುದನ್ನು ತಡೆಯುತ್ತದೆ. ಆ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ‘ಅಥವಾ ಇವುಗಳಲ್ಲಿ ಯಾವುದೇ ಒಂದು’ ಎಂಬ ಅರ್ಥದ ಮಾತು ಕೊನೆಗೆ ಬರುತ್ತದೆ. 16ನೇ ವಿಧಿಯ ಎರಡನೆಯ ಖಂಡದಲ್ಲೂ, 29ನೇ ವಿಧಿಯ ಎರಡನೆಯ ಖಂಡದಲ್ಲೂ ಇದೇ ಬಾಲವಿದೆ. ಆ ಬಾಲ ಇಲ್ಲದಿದ್ದರೆ, ‘ತಾರತಮ್ಯ ಮಾಡಿದ್ದು ಜಾತಿಯೊಂದನ್ನೇ ನೋಡಿ, ಇಡೀ ಪಟ್ಟಿಯನ್ನು ನೋಡಿ ಅಲ್ಲ’ ಎಂದು ವಾದಿಸುವ ಚತುರನೊಬ್ಬ ಹುಟ್ಟಿಕೊಳ್ಳಬಹುದಿತ್ತು. ಆ ಬಾಗಿಲನ್ನು ನಾಲ್ಕೇ ಪದಗಳಲ್ಲಿ ಮುಚ್ಚಲಾಗಿದೆ.

14ನೇ ವಿಧಿಯಲ್ಲಿ ಕಾನೂನಿನ ಮುಂದೆ ಸಮಾನತೆ, ಕಾನೂನುಗಳ ಸಮಾನ ರಕ್ಷಣೆ ಎಂಬ ಎರಡು ಮಾತುಗಳು ಇಂಗ್ಲಿಷಿನಲ್ಲಿ ‘ಆರ್’ನಿಂದ ಕೂಡಿವೆ, ಅವುಗಳ ಹಿಂದೆ ‘ನಾಟ್’ ಇದೆ. ಒಂದನ್ನು ಕೊಟ್ಟು ಒಂದನ್ನು ಬಿಡಬಹುದು ಎಂದು ಯಾವ ನ್ಯಾಯಾಲಯವೂ ಓದುವುದಿಲ್ಲ. ಕನ್ನಡದಲ್ಲಿ ಹೇಳುವಾಗ ‘ಸಮಾನತೆಯನ್ನಾಗಲಿ ಸಮಾನ ರಕ್ಷಣೆಯನ್ನಾಗಲಿ ನಿರಾಕರಿಸತಕ್ಕದ್ದಲ್ಲ’ ಎಂದರೆ ಅನುಮಾನಕ್ಕೆ ಎಡೆಯೇ ಇಲ್ಲ. ಇಂಗ್ಲಿಷ್ ಸಂದರ್ಭದ ಬಲದಿಂದ ಹೇಳಿದ್ದನ್ನು ಕನ್ನಡ ತನ್ನ ಪ್ರತ್ಯಯದ ಬಲದಿಂದಲೇ ಹೇಳಬಲ್ಲದು.

ಕರ್ನಾಟಕದಲ್ಲಿ ರಾಜಭಾಷಾ ಅಧಿನಿಯಮ 1963ರಲ್ಲಿ ಬಂತು. ಆದರೂ ಸಂವಿಧಾನದ 348ನೇ ವಿಧಿಯಂತೆ ಶಾಸನಗಳ ವಿಷಯದಲ್ಲಿ ಇಂಗ್ಲಿಷ್ ಪಾಠಕ್ಕೇ ಅಧಿಕೃತ ಸ್ಥಾನ. ಹಾಗೆಂದು ಕನ್ನಡ ಪಾಠ ಹೇಗಿದ್ದರೂ ನಡೆಯುತ್ತದೆ ಎಂದಾಗುವುದಿಲ್ಲ. ನ್ಯಾಯಾಧೀಶರು ಇಂಗ್ಲಿಷ್ ಓದಿ ತೀರ್ಪು ಕೊಟ್ಟಾರು. ಜನ ಕನ್ನಡ ಓದಿ ನಡೆದುಕೊಳ್ಳುತ್ತಾರೆ.

ಅರ್ಜಿ, ಮಾತ್ರೆ, ಹೂವು

ದಿನನಿತ್ಯದ ಕಾಗದಗಳಿಗೆ ಬರೋಣ. ಒಂದು ಕಚೇರಿಯ ಮುಂದೆ ಹೀಗೆ ಬರೆದಿದೆ ಎಂದುಕೊಳ್ಳಿ: ‘ಪಹಣಿ ಮತ್ತು ಪಾಸ್‌ಬುಕ್ ಇಲ್ಲದ ಅರ್ಜಿಗಳನ್ನು ಸ್ವೀಕರಿಸುವುದಿಲ್ಲ.’ ಪಹಣಿ ಇದೆ, ಪಾಸ್‌ಬುಕ್ ಮರೆತುಬಂದಿದೆ. ಆ ರೈತನ ಅರ್ಜಿ ನಡೆಯುತ್ತದೆಯೇ? ಎರಡೂ ಇಲ್ಲದ ಅರ್ಜಿ ಮಾತ್ರ ನಡೆಯದು ಎಂದು ರೈತ ಓದಬಹುದು. ಒಂದಿಲ್ಲದಿದ್ದರೂ ನಡೆಯದು ಎಂದು ಗುಮಾಸ್ತರು ಓದಬಹುದು. ಇಬ್ಬರೂ ಕನ್ನಡ ಬಲ್ಲವರೇ, ಇಬ್ಬರ ಓದೂ ಸರಿಯೇ. ಬಸ್ಸಿನ ಖರ್ಚು ಮಾತ್ರ ರೈತನದು. ‘ಪಹಣಿ, ಪಾಸ್‌ಬುಕ್ ಎರಡೂ ತರಬೇಕು, ಒಂದಿಲ್ಲದಿದ್ದರೂ ಅರ್ಜಿ ತೆಗೆದುಕೊಳ್ಳುವುದಿಲ್ಲ’ ಎಂದು ಬರೆಯಲು ಹೆಚ್ಚು ಜಾಗವೇನೂ ಬೇಕಿಲ್ಲ.

‘ಈ ಮಾತ್ರೆಯನ್ನು ಹಾಲು ಮತ್ತು ಕಾಫಿಯೊಂದಿಗೆ ತೆಗೆದುಕೊಳ್ಳಬಾರದು’ ಎಂಬ ಚೀಟಿಯನ್ನು ಓದಿದವರು, ಬರೀ ಹಾಲಾದರೆ ಆದೀತು ಎಂದುಕೊಂಡರೆ ಅವರನ್ನು ದೂರುವಂತಿಲ್ಲ. ‘ಹಾಲಿನ ಜೊತೆಗೂ ಬೇಡ, ಕಾಫಿಯ ಜೊತೆಗೂ ಬೇಡ’ ಎಂದರೆ ಮುಗಿಯಿತು. ಗೊಬ್ಬರ, ಔಷಧಗಳ ಪೊಟ್ಟಣಗಳ ಮೇಲೂ ಇದೇ ಮಾತು ಸಲ್ಲುತ್ತದೆ. ಎರಡನ್ನು ಬೆರೆಸಬಾರದೋ, ಎರಡನ್ನೂ ಹಾಕಲೇಬಾರದೋ ಎಂಬುದು ಬೆಳೆಯ ಅಳಿವು ಉಳಿವಿನ ಪ್ರಶ್ನೆ.

ಹಳೇ ಮೈಸೂರು ಸೀಮೆಯ ದೇವಸ್ಥಾನಗಳಲ್ಲಿ ಹೂ ಕೇಳುವ ಪದ್ಧತಿಯನ್ನು ಎಲ್ಲರೂ ಬಲ್ಲರು. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಈಗ ಯಾರಾದರೂ ‘ಮಗಳ ಮದುವೆ, ಮಗನ ಕೆಲಸ ಎರಡೂ ಈ ವರ್ಷ ಆಗುತ್ತವೆಯೇ’ ಎಂದು ಒಂದೇ ಉಸಿರಿನಲ್ಲಿ ಕೇಳಿದರೆ, ಹೂ ಎಡಕ್ಕೆ ಬಿದ್ದಾಗ ಏನೆಂದು ತಿಳಿಯುವುದು? ಎರಡೂ ಇಲ್ಲವೇ, ಒಂದು ಇಲ್ಲವೇ, ಇಲ್ಲದ್ದು ಯಾವುದು? ‘ಇಲ್ಲ’ ಎಂಬ ಉತ್ತರ ಬರಬಹುದಾದ ಕಡೆ ಪ್ರಶ್ನೆಗಳನ್ನು ಜೋಡಿಸಬಾರದು, ಒಂದೊಂದಾಗಿ ಕೇಳಬೇಕು. ಕಾನೂನು ಬರೆಯುವವರಿಗೂ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ.

ಹಾಗೆ ನೋಡಿದರೆ ಬೇಕಾದ ಸಾಮಗ್ರಿಯೆಲ್ಲ ಕನ್ನಡದಲ್ಲಿ ಹಿಂದಿನಿಂದಲೇ ಇದೆ. ಎರಡೂ ಬೇಡವೆನ್ನಲು ‘ಊ’ ಇದೆ, ‘ಆಗಲಿ’ ಇದೆ. ಯಾವುದೋ ಒಂದು ಎನ್ನಲು ‘ಓ’ ಇದೆ. ಕೂಟವನ್ನು ಮಾತ್ರ ತಡೆಯಲು ‘ಒಟ್ಟಿಗೆ’ ಇದೆ. ಕಾರಣವನ್ನು ಅಲ್ಲಗಳೆಯಲು ‘ಅಲ್ಲ’ ಇದೆ. ಇವನ್ನೆಲ್ಲ ಬಿಟ್ಟು ಇಂಗ್ಲಿಷಿನ ‘ಆ್ಯಂಡ್’ ಇದ್ದಲ್ಲಿ ‘ಮತ್ತು’, ‘ಆರ್’ ಇದ್ದಲ್ಲಿ ‘ಅಥವಾ’ ಎಂದು ತುಂಬುತ್ತ ಹೋಗುವುದರಿಂದ, ಅಲ್ಲಿ ಇಲ್ಲದ ಗೊಂದಲವೂ ಇಲ್ಲಿ ಹುಟ್ಟುತ್ತದೆ.

ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರಿಗೆ ನೀರು ಬರುವುದು ತಡವಾಗಿ. ಕಾಗದದ ಅರ್ಥ ಬರುವುದು ಇನ್ನೂ ತಡವಾಗಿ. ಮುಂದಿನ ಸಲ ಸಹಿ ಹಾಕಲು ಒಂದು ಕಾಗದ ಕೈಗೆ ಬಂದಾಗ, ಅದರಲ್ಲಿ ‘ಇಲ್ಲ’, ‘ಬಾರದು’, ‘ತಕ್ಕದ್ದಲ್ಲ’ ಎಲ್ಲಿದೆ ಎಂದು ಮೊದಲು ನೋಡಿ. ಅದರ ಹತ್ತಿರ ‘ಮತ್ತು’, ‘ಅಥವಾ’ ಇದೆಯೇ ನೋಡಿ. ಇದ್ದರೆ, ಕೊಟ್ಟವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ಸ್ವಾಮಿ, ಎರಡೂ ಇಲ್ಲವೋ, ಎರಡರಲ್ಲಿ ಒಂದಿಲ್ಲವೋ?’ ಉತ್ತರ ಹೇಳಲು ಅವರು ತಡವರಿಸಿದರೆ, ಆ ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳುವವರೆಗೆ ಸಹಿ ಹಾಕಬೇಡಿ.